ಹಬ್ಬದ ಹೂವಿನ ರೇಟು

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕನಕಾಂಬರದ ರೇಟು ಕೇಳಿ ಗೊಣಗುವವರೂ, ‘ಮಾರ್ಕೆಟ್ಟಲ್ಲೇ ಕೆಜಿಗೆ ಅಷ್ಟಾಗಿದೆ ಅಕ್ಕಾ, ನಾನೇನ್ ಮಾಡ್ಲಿ’ ಎಂದು ಹೂವಿನಮ್ಮ ಹೇಳಿದ ಕೂಡಲೇ ಚೌಕಾಸಿ ಬಿಟ್ಟು ಕೊಳ್ಳುತ್ತಾರೆ. ಹಬ್ಬ ಅಂತಲೇ ಏರಿಸಿದ್ದಾಳೆ ಅನ್ನಿಸಿದರೆ ಮಾತ್ರ ಪಕ್ಕದ ಬುಟ್ಟಿಗೆ ಹೋಗುತ್ತಾರೆ.

1986ರಲ್ಲಿ ಕಾನೆಮನ್, ನೆಚ್, ಥೇಲರ್ ಎಂಬ ಸಂಶೋಧಕರು ಪ್ರಕಟಿಸಿದ ಸಮೀಕ್ಷೆಯಲ್ಲೂ ಇದೇ ಕಂಡಿತ್ತು. ಹಿಮ ಸುರಿದ ಮರುದಿನ ಹಿಮ ಎತ್ತುವ 15 ಡಾಲರಿನ ಸಲಿಕೆಗೆ ಅಂಗಡಿಯವನು 20 ಕೇಳಿದರೆ ಅನ್ಯಾಯ ಅಂದವರು 82%. ಅಂಗಡಿಯವನು ಕೊಂಡು ತಂದ ಬೆಲೆಯೇ ಹೆಚ್ಚಾದರೆ ಜನ ಸಾಮಾನ್ಯವಾಗಿ ಒಪ್ಪುತ್ತಾರೆ.

ಅನ್ಯಾಯ ಅನ್ನಿಸಿಕೊಳ್ಳುವ ಭಯಕ್ಕೇ ಕೆಲವು ಹೂವಿನವರು ರೇಟು ಮುಟ್ಟದೆ ಹೂವನ್ನೇ ಬಿಡಿಬಿಡಿಯಾಗಿ ಕಟ್ಟುತ್ತಾರೆ. ಮೊಳ ಅಷ್ಟೇ, ಹೂವು ಕಮ್ಮಿ. ನನಗದು ಸರಿ ಕಾಣುವುದಿಲ್ಲ. ಕಾರಣ ಬಾಯಿಬಿಟ್ಟು ಹೇಳುವವರಿಗೆ ಹತ್ತು ರೂಪಾಯಿ ಜಾಸ್ತಿ ಕೊಡೋಕೆ ನಾನಂತೂ ತಯಾರು.