ಬಿಸಿ ಗಾಳಿಯ ರಿಪೇರಿ ಮತ್ತು ಒಬ್ಬ ತಂದೆ ಕೇಳಿದ ಪ್ರಶ್ನೆ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನದೊಂದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇದೆ. ಅಡಿಕೆ ಮಾರಾಟವಾಗಿ ಕೈಯಲ್ಲಿ ಕಾಸು ಓಡಾಡುವ ತಿಂಗಳುಗಳಲ್ಲಿ ಜನ ಹೊಸ ಯಂತ್ರ ಕೊಳ್ಳುತ್ತಾರೆ. ಉಳಿದ ತಿಂಗಳುಗಳಲ್ಲಿ ಹಳೆಯದನ್ನೇ ಹೇಗಾದರೂ ಮಾಡಿ ಇನ್ನೊಂದು ವರ್ಷ ಎಳೆಯಲು ನೋಡುತ್ತಾರೆ. ಹಾಗಾಗಿ ನನ್ನ ಮೇಜಿಗೆ ಬರುವವು ಹೆಚ್ಚಾಗಿ ಎಂಟು, ಹತ್ತು ವರ್ಷ ದುಡಿದ ಯಂತ್ರಗಳು. ಅವುಗಳಲ್ಲಿ ಗ್ರಾಫಿಕ್ಸ್, ಅಂದರೆ ಪರದೆಗೆ ಚಿತ್ರ ಬಿಡಿಸುವ ಭಾಗ, ಕೆಟ್ಟು ಬಂದವು ನನ್ನನ್ನು ಬಹಳ ಕಾಡಿವೆ. ನಾನು ಈ ಕೆಲಸದಲ್ಲಿ ಕಲಿತ ದೊಡ್ಡ ಪಾಠವೂ ಅಂಥ ಒಂದು ಯಂತ್ರದಿಂದಲೇ ಬಂದದ್ದು.

ಎಲ್ಲರೂ ಅದನ್ನು ಗ್ರಾಫಿಕ್ಸ್ ಕಾರ್ಡ್ ಎನ್ನುತ್ತಾರೆ. ಮೇಜಿನ ಮೇಲಿಡುವ ಕಂಪ್ಯೂಟರ್‌ನಲ್ಲಿ ಅದು ನಿಜವಾಗಿಯೂ ಕಾರ್ಡೇ; ಕಿತ್ತು ಬೇರೆಯದನ್ನು ಚುಚ್ಚಬಹುದು. ಲ್ಯಾಪ್‌ಟಾಪ್‌ಗಳಲ್ಲಿ ಬಹುಪಾಲು ಅದು ಮದರ್‌ಬೋರ್ಡಿಗೇ, ಅಂದರೆ ಒಳಗಿನ ಮುಖ್ಯ ಹಲಗೆಗೇ, ಬೆಸೆದಿರುವ ಒಂದು ಚಿಪ್. ಅದರ ಹೊಟ್ಟೆಯ ಕೆಳಗೆ ಸಾಸಿವೆ ಕಾಳಿಗಿಂತಲೂ ಸಣ್ಣದಾದ ನೂರಾರು ಬೆಸುಗೆಯ ಗುಂಡುಗಳಿರುತ್ತವೆ. "ಕಾರ್ಡ್ ಬದಲಿಸಿ ಕೊಡಿ" ಎಂದು ಕೇಳುವ ಗಿರಾಕಿಗೆ ಈ ವ್ಯತ್ಯಾಸವನ್ನು ಬೋರ್ಡ್ ಬಿಚ್ಚಿ ತೋರಿಸಿಯೇ ಹೇಳಬೇಕಾಗುತ್ತದೆ.

2017ರ ಮೇ ತಿಂಗಳ ಕೊನೆಯ ವಾರದಲ್ಲಿ ಹೊಸನಗರದ ಕಡೆಯ ಹಳ್ಳಿಯಿಂದ ಒಬ್ಬ ಬೆಳೆಗಾರರು ಬಂದರು. ಟವೆಲ್ಲಿನಲ್ಲಿ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಕವರ್ ಹಾಕಿ, ಬಟ್ಟೆಯ ಚೀಲದಲ್ಲಿಟ್ಟು ತಂದಿದ್ದ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟರು. ಮಗಳು ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಳು. ಐದು ವರ್ಷ ಹಳೆಯ ಯಂತ್ರ. ಆನ್ ಮಾಡಿದರೆ ಕಂಪನಿಯ ಚಿಹ್ನೆ ಸ್ವಚ್ಛವಾಗಿ ಬರುತ್ತಿತ್ತು. ವಿಂಡೋಸ್ ಅರ್ಧ ತೆರೆದುಕೊಳ್ಳುತ್ತಿದ್ದಂತೆ ಪರದೆ ನೀಲಿಯಾಗಿ ನಿಂತುಬಿಡುತ್ತಿತ್ತು. ಆ ನೀಲಿ ಪರದೆಯ ಮೇಲೆ 'ವಿಡಿಯೊ ಟಿಡಿಆರ್ ಫೆಲ್ಯೂರ್' ಎಂದು ಬರೆದಿತ್ತು. ಗ್ರಾಫಿಕ್ಸ್ ಚಿಪ್ಪಿಗೆ ಕೆಲಸ ಒಪ್ಪಿಸಿದ ಮೇಲೆ ವಿಂಡೋಸ್ ಎರಡು ಸೆಕೆಂಡು ಕಾಯುತ್ತದೆ. ಉತ್ತರ ಬಾರದಿದ್ದರೆ ಚಿಪ್ಪನ್ನು ಹೊಸದಾಗಿ ಎಬ್ಬಿಸಲು ನೋಡುತ್ತದೆ. ಅದೂ ಆಗದಿದ್ದರೆ ಬರುವ ಸಂದೇಶವಿದು.

ಆಗ ನನ್ನ ಅಂಗಡಿಗೆ ಬಿಸಿ ಗಾಳಿಯ ಯಂತ್ರ ಬಂದು ಎರಡು ವರ್ಷವಾಗಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಕೊಂಡು ತಂದದ್ದು. ಕೈ ಪಳಗಿತ್ತು. ಗ್ರಾಫಿಕ್ಸ್ ತೊಂದರೆ ಎಂದು ಯಾವ ಯಂತ್ರ ಬಂದರೂ ಬೋರ್ಡ್ ಬಿಚ್ಚುತ್ತಿದ್ದೆ, ಪಕ್ಕದ ಭಾಗಗಳಿಗೆ ಫಾಯಿಲ್ ಮುಚ್ಚುತ್ತಿದ್ದೆ, ಚಿಪ್ಪಿನ ಅಂಚಿಗೆ ಬೆಸುಗೆ ಚೆನ್ನಾಗಿ ಹಿಡಿಯಲು ಹಾಕುವ ಫ್ಲಕ್ಸ್ ಹರಿಸಿ ಬಿಸಿ ಮಾಡುತ್ತಿದ್ದೆ. ಹತ್ತರಲ್ಲಿ ಏಳೆಂಟು ಎದ್ದು ಕೂರುತ್ತಿದ್ದವು. ಇದೂ ಎದ್ದಿತು. ಮೂರು ಸಾವಿರದ ಐನೂರು ರೂಪಾಯಿ ತೆಗೆದುಕೊಂಡೆ. "ಸರಿಯಾಗಿದೆ, ಇನ್ನು ಚಿಂತೆ ಬೇಡ" ಎಂದು ಹೇಳಿ ಕಳುಹಿಸಿದೆ.

ಮೂರು ವಾರದ ಮೇಲೆ ಒಂದು ಬೆಳಿಗ್ಗೆ ನಾನು ಶಟರ್ ಎತ್ತುವಾಗ ಅವರು ಎದುರಿನ ಕಟ್ಟೆಯ ಮೇಲೆ ಕುಳಿತಿದ್ದರು. ಮೊದಲ ಬಸ್ಸಿಗೆ ಬಂದಿದ್ದರು. 60 ಕಿಲೋಮೀಟರ್‌ಗೂ ಹೆಚ್ಚಿನ ದಾರಿ, ಮಳೆ ಹಿಡಿದಿತ್ತು, ಪಂಚೆಯ ಅಂಚು ಒದ್ದೆಯಾಗಿತ್ತು. ಹಿಂದಿನ ರಾತ್ರಿ ಯಂತ್ರ ಮತ್ತೆ ನಿಂತಿತ್ತು. ಮರುದಿನ ಮಗಳ ಪ್ರಾಜೆಕ್ಟಿನ ಮೌಖಿಕ ಪರೀಕ್ಷೆ. ನಾನು ಮತ್ತೆ ಬಿಸಿ ಮಾಡಿ ನೋಡುತ್ತೇನೆ ಎಂದೆ. ಅವರು ದನಿ ಏರಿಸಲಿಲ್ಲ.

"ಮಾರಾಯರೇ, ಇದು ಹೀಗೆ ಆಗುತ್ತದೆ ಎಂದು ನಿಮಗೆ ಆ ದಿನವೇ ಗೊತ್ತಿತ್ತೇ?" ಎಂದು ಕೇಳಿದರು.

ಗೊತ್ತಿತ್ತು. ಬಿಸಿ ಮಾಡಿ ಕೊಟ್ಟ ಯಂತ್ರಗಳಲ್ಲಿ ಎಷ್ಟು ಹಿಂದಿರುಗಿ ಬಂದಿವೆ ಎಂಬ ಲೆಕ್ಕ ನನ್ನ ತಲೆಯಲ್ಲಿತ್ತು. ಕೆಲವು ಎರಡು ವಾರಕ್ಕೆ, ಕೆಲವು ನಾಲ್ಕು ತಿಂಗಳಿಗೆ ಬಂದಿದ್ದವು. ವರ್ಷ ದಾಟಿದ್ದನ್ನು ಬೆರಳಲ್ಲಿ ಎಣಿಸಬಹುದಿತ್ತು. "ಗೊತ್ತಿತ್ತು" ಎಂದೆ. ಆ ಮಾತು ಹೇಳಲು ನನಗೆ ಬಹಳ ಹೊತ್ತು ಹಿಡಿಯಿತು.

ಅವರ ಮುಂದಿನ ಪ್ರಶ್ನೆ, ಮಗಳು ಮಾಡಿದ್ದೆಲ್ಲ ಹೋಯಿತೇ ಎಂಬುದು. ಈ ಭಯವನ್ನು ನಾನು ಎಷ್ಟೋ ಮುಖಗಳ ಮೇಲೆ ನೋಡಿದ್ದೇನೆ. ಪರದೆ ಕತ್ತಲಾದರೆ ಒಳಗಿನದ್ದೆಲ್ಲ ಅಳಿದುಹೋಯಿತು ಎಂದು ಜನ ಭಾವಿಸುತ್ತಾರೆ. ಹಾಗಲ್ಲ. ಚಿತ್ರ ಬಿಡಿಸುವ ಚಿಪ್ ಬೇರೆ, ಕಡತಗಳನ್ನು ಇಟ್ಟುಕೊಳ್ಳುವ ಹಾರ್ಡ್ ಡಿಸ್ಕ್ ಬೇರೆ. ನಾಲ್ಕು ತಿರುಪು ಬಿಚ್ಚಿ ಡಿಸ್ಕನ್ನು ಹೊರಗೆ ತೆಗೆದೆ, ಯುಎಸ್‌ಬಿ ಕೇಸಿನಲ್ಲಿ ಹಾಕಿ ಅಂಗಡಿಯ ಕಂಪ್ಯೂಟರಿಗೆ ಜೋಡಿಸಿದೆ. ವರದಿ, ಪ್ರೋಗ್ರಾಮು, ಚಿತ್ರಗಳು ಎಲ್ಲವೂ ಇದ್ದವು. ಎರಡು ಪೆನ್ ಡ್ರೈವ್‌ಗಳಿಗೆ ನಕಲು ಮಾಡಿ ಅವರ ಕೈಗೆ ಕೊಟ್ಟೆ. ಅವರು ಅವನ್ನು ಅಂಗಿಯ ಜೇಬಿನಲ್ಲಿ ಹಾಕಿ, ಮೇಲಿಂದ ಕೈಯಿಟ್ಟು ಒತ್ತಿ ನೋಡಿಕೊಂಡರು.

ಆಮೇಲೆ, ಮೂರು ವಾರ ಮೊದಲೇ ಮಾಡಬೇಕಿದ್ದ ಕೆಲಸವನ್ನು ಮಾಡಿದೆ. ಆ ಯಂತ್ರದಲ್ಲಿ ಗ್ರಾಫಿಕ್ಸ್ ಎರಡಿದ್ದವು. 2010ರ ನಂತರ ಬಂದ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್‌ನ ಒಳಗೇ ಒಂದು ಸಣ್ಣ ಗ್ರಾಫಿಕ್ಸ್ ಇರುತ್ತದೆ, ಆಟಕ್ಕೂ ಭಾರದ ಕೆಲಸಕ್ಕೂ ಬೇರೆ ಚಿಪ್ ಇರುತ್ತದೆ. ಅಂಥವುಗಳಲ್ಲಿ ಪರದೆಗೆ ಹೋಗುವ ತಂತಿ ಸಾಮಾನ್ಯವಾಗಿ ಸಣ್ಣದರ ಕೈಯಲ್ಲೇ ಇರುತ್ತದೆ. ದೊಡ್ಡದು ಹಿಂದೆ ನಿಂತು ಕೆಲಸ ಮಾಡಿ ಚಿತ್ರವನ್ನು ಸಣ್ಣದಕ್ಕೆ ಒಪ್ಪಿಸುತ್ತದೆ. ಕಂಪನಿಯ ಚಿಹ್ನೆ ಸ್ವಚ್ಛವಾಗಿ ಬಂದು, ದೊಡ್ಡ ಚಿಪ್ಪನ್ನು ನಡೆಸುವ ತಂತ್ರಾಂಶ, ಅಂದರೆ ಅದರ ಡ್ರೈವರ್, ಏಳುವ ಹೊತ್ತಿಗೆ ಎಲ್ಲವೂ ನಿಲ್ಲುತ್ತಿದ್ದುದು ಅದಕ್ಕೇ. ಯಂತ್ರ ತನ್ನ ರೋಗವನ್ನು ಮೊದಲ ದಿನವೇ ಹೇಳಿತ್ತು, ನಾನು ಕೇಳಿಸಿಕೊಂಡಿರಲಿಲ್ಲ. ಡಿಸ್ಕನ್ನು ಮತ್ತೆ ಹಾಕಿ ಸೇಫ್ ಮೋಡ್‌ನಲ್ಲಿ ತೆರೆದೆ. ಅಲ್ಲಿ ವಿಂಡೋಸ್ ತನ್ನದೇ ಸರಳ ಡ್ರೈವರ್ ಬಳಸುವುದರಿಂದ ಕೆಟ್ಟ ಚಿಪ್ಪನ್ನು ಎಬ್ಬಿಸುವುದಿಲ್ಲ. ಯಂತ್ರದ ಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್‌ಗೆ ಹೋಗಿ ದೊಡ್ಡ ಚಿಪ್ಪನ್ನು ನಿಷ್ಕ್ರಿಯಗೊಳಿಸಿ, ಯಂತ್ರವನ್ನು ಮೊದಲಿನಿಂದ ಆರಂಭಿಸಿದೆ. ತೆರೆಯಿತು. ಒಂದು ಗಂಟೆ ಬಿಡದೆ ವಿಡಿಯೊ ಓಡಿಸಿದೆ, ನಿಲ್ಲಲಿಲ್ಲ.

ಇಷ್ಟಕ್ಕೆ ಬಿಸಿ ಗಾಳಿ ಬೇಕಿರಲಿಲ್ಲ, ಬೋರ್ಡ್ ಬಿಚ್ಚುವ ಅಗತ್ಯವೂ ಇರಲಿಲ್ಲ. ಆಟ, ಮೂರು ಆಯಾಮದ ವಿನ್ಯಾಸ, ದೊಡ್ಡ ವಿಡಿಯೊ ಸಂಕಲನ ಇವು ನಿಧಾನವಾಗುತ್ತವೆ. ಬರೆಯುವುದು, ಪ್ರೋಗ್ರಾಮು, ಸಿನಿಮಾ, ಆನ್‌ಲೈನ್ ತರಗತಿ ಯಾವುದಕ್ಕೂ ತೊಂದರೆ ಇಲ್ಲ. ಆ ಹುಡುಗಿಗೆ ಬೇಕಿದ್ದದ್ದು ಅಷ್ಟೇ. ನಾನು ಅವಳಿಗೆ ಏನು ಬೇಕು ಎಂದು ಕೇಳಿಯೇ ಇರಲಿಲ್ಲ. ಮೂರು ಸಾವಿರದ ಐನೂರನ್ನು ಹಿಂದಿರುಗಿಸಿದೆ. ಅವರು ಬೇಡ ಎನ್ನಲಿಲ್ಲ, ಎಣಿಸಿ ಇಟ್ಟುಕೊಂಡರು. ಹಾಗೆ ಮಾಡಿದ್ದೇ ಸರಿ ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಬಿಸಿ ಮಾಡಿದರೆ ಏಕೆ ಏಳುತ್ತದೆ, ಏಕೆ ಮತ್ತೆ ಬೀಳುತ್ತದೆ ಎಂಬುದನ್ನು ಈ ಕೆಲಸಕ್ಕೆ ಬರುವ ಹುಡುಗರಿಗೆ ನಾನು ಬಾಗಿಲು ತೋರಿಸಿ ಹೇಳುತ್ತೇನೆ. ನಮ್ಮ ಮನೆಗಳ ಹಲಸಿನ ಬಾಗಿಲು ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಅದಕ್ಕೆ ಹೊಡೆದ ಕಬ್ಬಿಣದ ಚಿಲಕ ಹಾಗೆ ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ. ಹತ್ತು ಮಳೆಗಾಲ ಕಳೆದರೆ ಮೊಳೆ ಸಡಿಲ. ಚಿಪ್ಪಿನಲ್ಲೂ ಹೀಗೆಯೇ. ಮೇಲಿರುವ ಸಿಲಿಕಾನ್ ತುಣುಕು ಬಿಸಿಗೆ ಸ್ವಲ್ಪವೇ ಹಿಗ್ಗುತ್ತದೆ. ಅದರ ಕೆಳಗಿನ ಹಸಿರು ತಟ್ಟೆ ಅದರ ಹಲವು ಪಟ್ಟು ಹಿಗ್ಗುತ್ತದೆ. ಇವೆರಡರ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಸುಗೆಯ ಬೊಟ್ಟುಗಳಿವೆ. ದಿನವೂ ಬಿಸಿಯಾಗಿ ತಣ್ಣಗಾಗಿ, ವರ್ಷಗಳ ಮೇಲೆ ಅವುಗಳಲ್ಲಿ ಬಿರುಕು ಬೀಳುತ್ತದೆ.

ನಾವು ರೀಬಾಲಿಂಗ್ ಎಂದು ಮಾಡುವುದು ಆ ತಟ್ಟೆಗೂ ಬೋರ್ಡಿಗೂ ನಡುವಿನ ದೊಡ್ಡ ಗುಂಡುಗಳ ಬದಲಾವಣೆ. ತಪ್ಪು ಅಲ್ಲಿದ್ದರೆ ರಿಪೇರಿ ಬಾಳಿಕೆ ಬರುತ್ತದೆ. ಆದರೆ ತಪ್ಪು ಬಹಳ ಸಲ ಮೇಲಿನ ಬೊಟ್ಟುಗಳಲ್ಲಿರುತ್ತದೆ, ಅದನ್ನು ಯಾವ ಅಂಗಡಿಯಲ್ಲೂ ಬದಲಿಸಲಾಗದು. ಬಿಸಿ ತಗುಲಿದಾಗ ಬಿರುಕಿನ ಎರಡು ತುದಿಗಳು ತಾತ್ಕಾಲಿಕವಾಗಿ ಮುಟ್ಟುತ್ತವೆ, ಚಿತ್ರ ಬರುತ್ತದೆ, ನಾವು ಗೆದ್ದೆವು ಎಂದುಕೊಳ್ಳುತ್ತೇವೆ. ಸೀಸ ಬೆರೆತ ಹಳೆಯ ಬೆಸುಗೆ 183 ಡಿಗ್ರಿಗೆ ಕರಗುತ್ತಿತ್ತು. 2006ರ ಜುಲೈ 1ರಿಂದ ಯುರೋಪಿನಲ್ಲಿ ಸೀಸಕ್ಕೆ ನಿರ್ಬಂಧ ಬಂದ ಮೇಲೆ ಎಲ್ಲೆಡೆ ಬಳಕೆಗೆ ಬಂದ ತವರ, ಬೆಳ್ಳಿ, ತಾಮ್ರದ ಬೆಸುಗೆಗೆ ಸುಮಾರು 217 ಡಿಗ್ರಿ ಬೇಕು. ಪ್ರತಿ ಸಲ ಅಷ್ಟು ಬಿಸಿ ಕೊಟ್ಟಾಗಲೂ ಬೋರ್ಡಿನ ಆಯುಷ್ಯ ಒಂದಿಷ್ಟು ಕರಗುತ್ತದೆ.

ಇದು ಯಾರೋ ಒಬ್ಬ ಬಳಕೆದಾರ ಯಂತ್ರವನ್ನು ಒರಟಾಗಿ ಬಳಸಿದ್ದರಿಂದ ಬಂದ ರೋಗವಲ್ಲ. 2008ರ ಜುಲೈಯಲ್ಲಿ ಗ್ರಾಫಿಕ್ಸ್ ಚಿಪ್‌ಗಳ ಎನ್ವಿಡಿಯಾ ಕಂಪನಿಯೇ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್‌ಗಳ ಒಳಕಟ್ಟಿನ ವಸ್ತು ದುರ್ಬಲವಾಗಿತ್ತೆಂದು ಒಪ್ಪಿ, ಅದರ ವೆಚ್ಚಕ್ಕೆ 15ರಿಂದ 20 ಕೋಟಿ ಡಾಲರ್ ತೆಗೆದಿಡುವುದಾಗಿ ಪ್ರಕಟಿಸಿತ್ತು. 2011ರ ಕೆಲವು ಮ್ಯಾಕ್‌ಬುಕ್ ಪ್ರೊಗಳ ಗ್ರಾಫಿಕ್ಸ್ ತೊಂದರೆಗೆ ಆಪಲ್ 2015ರ ಫೆಬ್ರವರಿಯಲ್ಲಿ ಉಚಿತ ರಿಪೇರಿ ಯೋಜನೆ ತಂದಿತ್ತು. "ನನ್ನ ಮಗ ಆಟ ಆಡಿ ಆಡಿ ಕೆಡಿಸಿದ" ಎಂದು ಹುಡುಗನ ಎದುರೇ ಬೈಯುವ ತಂದೆತಾಯಿಗಳಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ.

ಈಗ ಯಂತ್ರ ಬಂದರೆ ಮೊದಲ ಅರ್ಧ ಗಂಟೆ ಸ್ಕ್ರೂಡ್ರೈವರ್ ಮುಟ್ಟುವುದಿಲ್ಲ. ಹೊರಗಿನ ಮಾನಿಟರ್ ಜೋಡಿಸುತ್ತೇನೆ. ಲ್ಯಾಪ್‌ಟಾಪಿನ ಪರದೆಯಲ್ಲಿ ಗೆರೆ ಬಂದು ಮಾನಿಟರ್‌ನಲ್ಲಿ ಬಾರದಿದ್ದರೆ ಚಿಪ್ಪಿನದು ತಪ್ಪಲ್ಲ. ಪರದೆಯದೋ, ಮಡಿಚುವ ಜಾಗದಲ್ಲಿ ಸವೆದ ಕೇಬಲ್ಲಿನದೋ ಇರಬೇಕು. ಮುಚ್ಚಳವನ್ನು ಮೆಲ್ಲನೆ ಅಲುಗಾಡಿಸಿದಾಗ ಗೆರೆಗಳೂ ಅಲುಗಾಡಿದರೆ ಕೇಬಲ್ಲೇ. ಒಂದು ಕೇಬಲ್ ಬದಲಿಸಿ ಮುಗಿಯುವ ಕೆಲಸಕ್ಕೆ ಬೋರ್ಡನ್ನು ಸುಟ್ಟುಕೊಂಡವರನ್ನು ನಾನು ಬಲ್ಲೆ. ಎರಡೂ ಕಡೆ ಗೆರೆ, ಚಿಹ್ನೆ ಬರುವಾಗಲೇ ಗೆರೆ ಎಂದಾದರೆ ಡ್ರೈವರಿನ ಮಾತೇ ಇಲ್ಲ, ಚಿಪ್ ಹೋಗುತ್ತಿದೆ. ವಿಂಡೋಸ್ ತೆರೆದು ಡಿವೈಸ್ ಮ್ಯಾನೇಜರ್‌ನಲ್ಲಿ ತೊಂದರೆಯಿಂದ ಚಿಪ್ಪನ್ನು ನಿಲ್ಲಿಸಿದೆ ಎಂದು ಹೇಳುವ 'ಕೋಡ್ 43' ಕಂಡರೆ ಡ್ರೈವರನ್ನು ಒಮ್ಮೆ ತೆಗೆದು ಮತ್ತೆ ಹಾಕಿ ನೋಡುತ್ತೇನೆ. ಅದಕ್ಕೂ ಜಗ್ಗದಿದ್ದರೆ ಅನುಮಾನ ಚಿಪ್ಪಿನ ಮೇಲೆಯೇ.

ಎರಡನೆಯ ಗ್ರಾಫಿಕ್ಸ್ ಇಲ್ಲದ ಹಳೆಯ ಯಂತ್ರಗಳ ವಿಷಯದಲ್ಲಿ ದಾರಿಗಳು ಕಡಿಮೆ. ಚಿಪ್ ಬದಲಿಸಬಹುದು, ಆದರೆ ಹೊಸದೆಂದು ಮಾರುವವುಗಳಲ್ಲಿ ಹಳೆಯ ಬೋರ್ಡಿನಿಂದ ಕಿತ್ತು ತೊಳೆದವು ಬಹಳ. ಹೋದ ವರ್ಷ ಸಾಗರದಿಂದ ಮದುವೆ ಫೋಟೊ ತೆಗೆಯುವವರೊಬ್ಬರು ಬಂದರು. ಎರಡು ಆಲ್ಬಮ್ ಬಾಕಿ ಇತ್ತು, ಅದರ ತಂತ್ರಾಂಶ ಆ ಯಂತ್ರದಲ್ಲೇ ಇತ್ತು. ಡಿಸ್ಕಿನ ನಕಲು ಮೊದಲು ತೆಗೆದೆ. ಬಿಸಿ ಮಾಡಿದರೆ ಕೆಲವು ವಾರ ಓಡಬಹುದು, ಓಡದೆಯೂ ಇರಬಹುದು ಎಂದೆ. ಅವರು ಯೋಚಿಸಿ ಒಪ್ಪಿದರು. ಬಿಲ್ಲಿನ ಮೇಲೆ 'ಬಿಸಿ ಮಾಡಿದ್ದು, ತಾತ್ಕಾಲಿಕ, ಖಾತರಿ ಇಲ್ಲ' ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದು ಐನೂರು ರೂಪಾಯಿ ತೆಗೆದುಕೊಂಡೆ. ಐದು ವಾರ ಓಡಿತು. ಆಲ್ಬಮ್ ಮುಗಿಸಿದ ಮೇಲೆ ಹೊಸ ಯಂತ್ರ ಆರಿಸಿಕೊಡಲು ನನ್ನನ್ನೇ ಕರೆದರು. ಬಿಸಿ ಮಾಡುವುದು ಪಾಪ ಎಂದು ನಾನು ಹೇಳುತ್ತಿಲ್ಲ. ಅದನ್ನು ರಿಪೇರಿ ಎಂದು ಕರೆದು ಹಣ ಪಡೆಯುವುದನ್ನು ಬಿಟ್ಟಿದ್ದೇನೆ.

ನಮ್ಮ ಕಡೆಯ ಯಂತ್ರಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಅಡಿಕೆ ಸುಲಿಯುವ ಕಾಲ ಮುಗಿದ ಮೇಲೆ ಬರುವ ಲ್ಯಾಪ್‌ಟಾಪ್‌ಗಳ ಫ್ಯಾನ್ ಬಿಚ್ಚಿದರೆ, ಬಿಸಿ ಹೊರಹಾಕುವ ಹೀಟ್ ಸಿಂಕಿನ ತೆಳ್ಳನೆಯ ರೆಕ್ಕೆಗಳ ಎದುರು ಸಿಪ್ಪೆಯ ಎಳೆ ಕಂಬಳಿಯಂತೆ ಹೆಣೆದುಕೊಂಡಿರುತ್ತದೆ. ಅಡಿಕೆ ಬೇಯಿಸುವ ಒಲೆಯ ಹತ್ತಿರ ಇಟ್ಟಿದ್ದರೆ ಇಲ್ಲಣವೂ ಸೇರಿ ಜಿಡ್ಡಾಗಿರುತ್ತದೆ. ಚಳಿಗೆ ಹಾಸಿಗೆಯ ಮೇಲೆ, ಕಂಬಳಿಯ ಮೇಲೆ ಇಟ್ಟುಕೊಂಡು ಬಳಸುವವರು ಗಾಳಿ ಒಳಗೆ ಹೋಗುವ ಕಿಂಡಿಯನ್ನೇ ಮುಚ್ಚಿರುತ್ತಾರೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬೀರುವಿನಲ್ಲಿಟ್ಟರೆ ಸಂಪರ್ಕಗಳಿಗೆ ಕಿಲುಬು ಹಿಡಿಯುತ್ತದೆ. ಬಳಸದಿದ್ದರೂ ವಾರಕ್ಕೊಮ್ಮೆ ಒಂದು ಗಂಟೆ ಓಡಿಸಿ. ಎರಡು ವರ್ಷಕ್ಕೊಮ್ಮೆ ಫ್ಯಾನ್ ಸ್ವಚ್ಛ ಮಾಡಿಸಿ, ಚಿಪ್ಪಿನ ಬಿಸಿಯನ್ನು ಹೀಟ್ ಸಿಂಕಿಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿದ್ದನ್ನು ಒರೆಸಿ ಹೊಸದು ಹಾಕಿಸಿ. ಇಷ್ಟು ಮಾಡಿದ ಮೇಲೆ ಚಿಪ್ಪಿನ ಬಿಸಿ ಹತ್ತು ಹದಿನೈದು ಡಿಗ್ರಿ ಇಳಿದಿದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಬೆಸುಗೆಯ ಮೇಲಿನ ಎಳೆದಾಟವೂ ಅಷ್ಟು ಕಡಿಮೆಯಾಗುತ್ತದೆ.

ಹೊಸನಗರದ ಆ ಯಂತ್ರ 2022ರ ಮಾರ್ಚಿನಲ್ಲಿ ಮತ್ತೆ ನನ್ನ ಮೇಜಿಗೆ ಬಂತು. ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಳು, ಯಂತ್ರ ತಮ್ಮನ ಪಾಲಿಗೆ ಬಂದಿತ್ತು. ಲಾಕ್‌ಡೌನಿನ ತರಗತಿಗಳನ್ನೆಲ್ಲ ಅವನು ಅದರಲ್ಲೇ ಕೇಳಿದ್ದನಂತೆ. ನಡುವೆ ಒಂದು ದೊಡ್ಡ ಅಪ್‌ಡೇಟ್ ಆದಾಗ ಕೆಟ್ಟ ಚಿಪ್ ತಾನೇ ಚಾಲೂ ಆಗಿ ಪರದೆ ನೀಲಿಯಾಗಿತ್ತು. ನಾನು ಹಿಂದೆ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದ ಕ್ರಮದಂತೆ ಹುಡುಗನೇ ಅದನ್ನು ಮತ್ತೆ ನಿಲ್ಲಿಸಿಕೊಂಡಿದ್ದ. ಈ ಸಲ ಬಂದದ್ದು ಫ್ಯಾನಿನ ಸದ್ದಿಗೆ. ತಂದೆ ಅದೇ ಬಟ್ಟೆಯ ಚೀಲ ಹಿಡಿದು ನಿಂತಿದ್ದರು.

"ಎಷ್ಟು ದಿನ ಬರುತ್ತದೆ?" ಎಂದು ಕೇಳಿದರು.

"ಹೇಳಲಾರೆ" ಎಂದೆ. ಅವರು ತಲೆಯಾಡಿಸಿ, ಬೆಂಚಿನ ಮೇಲೆ ಕುಳಿತರು. ನಾನು ಫ್ಯಾನ್ ಬಿಚ್ಚಿ, ಅಡಿಕೆ ಸಿಪ್ಪೆಯ ಎಳೆಗಳನ್ನು ಬ್ರಷ್ಷಿನಿಂದ ತೆಗೆಯತೊಡಗಿದೆ.