ಕ್ಯಾಟ್‌ಸ್ಕಿಲ್ ಬಂಗಲೆ ಕಾಲೊನಿ 1:48 ಅಳತೆಯಲ್ಲಿ: ಕಂಬದಿಂದ ಜಾಲರಿ ಜಗಲಿಯವರೆಗಿನ ಕೆಲಸ

ಮಾದರಿಯ ಸ್ಥಳ ನ್ಯೂಯಾರ್ಕ್ ರಾಜ್ಯದ ಸಲಿವನ್ ಕೌಂಟಿ. ಕಾಲ 1956ರ ಜುಲೈ, ಬುಧವಾರ ಮಧ್ಯಾಹ್ನ. ವಾರ ಯಾವುದೆನ್ನುವುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ, ಮುಂದೆ ಹೇಳುತ್ತೇನೆ.

ನ್ಯೂಯಾರ್ಕ್ ನಗರದ ಯಹೂದಿಗಳು ಬೇಸಿಗೆ ಕಳೆಯುತ್ತಿದ್ದ ಕ್ಯಾಟ್‌ಸ್ಕಿಲ್ ಬೆಟ್ಟಗಳು ಅಂದರೆ ಗ್ರಾಸಿಂಜರ್ಸ್, ಕಾಂಕರ್ಡ್‌ನಂಥ ದೊಡ್ಡ ಹೋಟೆಲುಗಳ ಹೆಸರೇ ಮೊದಲು ಕೇಳಿಬರುತ್ತದೆ. ಆದರೆ ಆ ನಗರದ ಬ್ರಾಂಕ್ಸ್, ಬ್ರೂಕ್ಲಿನ್ ಭಾಗಗಳ ದರ್ಜಿಗಳು, ಸಣ್ಣ ಅಂಗಡಿಯವರು, ಕಾರ್ಖಾನೆ ಕೆಲಸಗಾರರು ಹೆಂಡತಿ ಮಕ್ಕಳನ್ನು ಕಳಿಸುತ್ತಿದ್ದದ್ದು ಮಾಂಟಿಸೆಲ್ಲೊ, ವುಡ್‌ರಿಡ್ಜ್, ಸೌತ್ ಫಾಲ್ಸ್‌ಬರ್ಗ್, ಲಿಬರ್ಟಿ ಸುತ್ತಮುತ್ತಲಿನ ಬಾಡಿಗೆ ಬಂಗಲೆಗಳಿಗೆ. ನಮ್ಮ ಪಿಡಬ್ಲ್ಯುಡಿ ಬಂಗಲೆಯ ಠೀವಿ ಇಲ್ಲಿಲ್ಲ. ಅಡುಗೆ ಜಾಗ, ಒಂದೋ ಎರಡೋ ಮಲಗುವ ಕೋಣೆ, ಮುಂದೆ ಜಾಲರಿ ಹೊಡೆದ ಜಗಲಿ, ಇಷ್ಟೇ. ಎಲ್ಲವೂ ತೆಳು ಮರದ್ದು, ಚಳಿಗಾಲದಲ್ಲಿ ಬೀಗ. ಇದಕ್ಕೂ ಹಿಂದಿನದು ಕುಖಾಲೇನ್: ರೈತರ ಮನೆಯಲ್ಲಿ ಕುಟುಂಬಕ್ಕೊಂದು ಕೋಣೆ, ಎಲ್ಲರಿಗೂ ಒಂದೇ ಅಡುಗೆಮನೆ.

ಇಂಥ ಕಾಲೊನಿಯನ್ನು ಮಾದರಿಯಾಗಿ ಕಟ್ಟುವವರು ಒಂದು ಬಂಗಲೆಯನ್ನು ಅಚ್ಚುಕಟ್ಟಾಗಿ ಮಾಡಿ ಗಾಜಿನ ಪೆಟ್ಟಿಗೆಯಲ್ಲಿಡುತ್ತಾರೆ. ಕಾಲೊನಿ ಸಿಗುವುದು ಅಲ್ಲಲ್ಲ. ಒಂದು ಜಗಲಿಯಲ್ಲಿ ಕೂತವರಿಗೆ ಎದುರು ಜಗಲಿಯ ಮಾತು ಕೇಳಿಸುವ ದೂರ, ನಡುವಿನ ಸಾಮೂಹಿಕ ಹುಲ್ಲು, ಸವೆದ ಕಾಲುದಾರಿ, ಮಕ್ಕಳ ಮೇಲೆ ಹತ್ತಾರು ತಾಯಂದಿರ ಕಣ್ಣು. ಕಟ್ಟಬೇಕಾದದ್ದು ಅದನ್ನು. ಅದಕ್ಕೇ ಒಂದರ ಬದಲು ಆರು ಬಂಗಲೆ.

ನಕ್ಷೆ

1:48ರಲ್ಲಿ ಒಂದು ಅಡಿಗೆ 6.35 ಮಿ.ಮೀ. ಹಲಗೆ 120 × 90 ಸೆಂ.ಮೀ. ಪ್ರತಿ ಬಂಗಲೆಯ ಮುಖ 24 ಅಡಿ (152 ಮಿ.ಮೀ.), ಆಳ 20 ಅಡಿ (127), ಅದರ ಮುಂದೆ 8 ಅಡಿ ಜಗಲಿ (51). ಉದ್ದದ ಎರಡೂ ಬದಿಗೆ ಮೂರು ಮೂರು ಬಂಗಲೆ, ನಡುವೆ 15 ಅಡಿ (95). ಹಿಂಬದಿಯಲ್ಲಿ 30 ಮಿ.ಮೀ. ಬಿಟ್ಟರೆ ನಡುವಿನ ಹುಲ್ಲುಹಾಸು 484 ಮಿ.ಮೀ., ಅಂದರೆ 76 ಅಡಿ. ಒಂದು ತುದಿಗೆ 50 × 30 ಅಡಿಯ ‘ಕ್ಯಾಸಿನೊ’ (317 × 190). ಜೂಜಿಗೂ ಅದಕ್ಕೂ ಸಂಬಂಧವಿಲ್ಲ, ವಾರಾಂತ್ಯದ ಹಾಡು, ಬಿಂಗೊ, ಮಳೆ ಬಂದ ದಿನದ ಆಟ ನಡೆಯುವ ಕೊಟ್ಟಿಗೆಯಂಥ ಸಭಾಭವನ ಅದು. ಇನ್ನೊಂದು ತುದಿ ರಸ್ತೆಗೆ.

ಸಾಲನ್ನು ಸ್ಕೇಲು ಇಟ್ಟು ಎಳೆದ ಹಾಗೆ ಜೋಡಿಸಬೇಡಿ. ಆ ಕಾಲದ ಅಮೆರಿಕನ್ ಸರ್ವೇ ನಕ್ಷೆಗಳಲ್ಲಿ ಪ್ರತಿ ಕಟ್ಟಡಕ್ಕೂ ಒಂದು ಸಣ್ಣ ಕಪ್ಪು ಚೌಕವಿರುತ್ತದೆ, ಅಲ್ಲಿನ ಸರ್ಕಾರಿ ಭೂಸರ್ವೇ ಸಂಸ್ಥೆ ಯುಎಸ್‌ಜಿಎಸ್ ಇವನ್ನು ಪುಕ್ಕಟೆ ಕೊಡುತ್ತದೆ. ಮಾಂಟಿಸೆಲ್ಲೊ, ಲಿಬರ್ಟಿ ಹಾಳೆಗಳಲ್ಲಿ ರಸ್ತೆ ಪಕ್ಕ ಒತ್ತೊತ್ತಾಗಿ ಚೌಕಗಳು ಬಿದ್ದಿರುವ ಜಾಗ ಹುಡುಕಿ, ಅವು ನೆಲದ ಏರಿಳಿತ ಹಿಡಿದು ಬಾಗಿದ್ದು ನೋಡಿ, ಆಮೇಲೆ ಪೆನ್ಸಿಲ್ ಹಿಡಿಯಿರಿ. ಹಳೆಯ ಪೋಸ್ಟ್‌ಕಾರ್ಡ್‌ಗಳನ್ನು ಆಕಾರಕ್ಕೆ ನಂಬಬಹುದು, ಬಣ್ಣಕ್ಕೆ ನಂಬುವಂತಿಲ್ಲ. ಮುದ್ರಕರು ಹುಲ್ಲಿಗೆ ಹಸಿರು ಬಳಿದು ವಿದ್ಯುತ್ ತಂತಿಗಳನ್ನು ಅಳಿಸಿಬಿಡುತ್ತಿದ್ದರು. ಇವತ್ತಿನ ಫೋಟೊಗಳಲ್ಲಿ ಬೇರೆ ತೊಡಕು. ಎಷ್ಟೋ ಕಾಲೊನಿಗಳಲ್ಲಿ ಈಗ ಬ್ರೂಕ್ಲಿನ್‌ನ ಹಸೀದಿ ಮತ್ತಿತರ ಸಂಪ್ರದಾಯಸ್ಥ ಯಹೂದಿ ಕುಟುಂಬಗಳು ಬೇಸಿಗೆ ಕಳೆಯುತ್ತವೆ. ಅಲ್ಲಿ ಕಾಣುವ ವಿನೈಲ್ ಹೊದಿಕೆ, ಕಿಟಕಿ ಏಸಿ, ಪ್ಲಾಸ್ಟಿಕ್ ಕುರ್ಚಿ ಯಾವುದೂ 1956ಕ್ಕೆ ಸಲ್ಲದು.

ಕಂಬ, ನೆಲ, ಕೊಳವೆ

ತಳಕ್ಕೆ 12 ಮಿ.ಮೀ. ಪ್ಲೈವುಡ್, ಅಡಿಯಲ್ಲಿ ನಾಲ್ಕು ಪಟ್ಟಿ. ಪಟ್ಟಿ ಇಲ್ಲದಿದ್ದರೆ ಪ್ಲಾಸ್ಟರ್‌ನ ನೀರು ಕುಡಿದು ಹಲಗೆ ಬಾಗುತ್ತದೆ. ಗುಡ್ಡದ ಏರಿಗೆ ಥರ್ಮಾಕೋಲ್ ಸಾಕು, ಆದರೆ ಅದರ ಮೇಲೆ ಪ್ಲಾಸ್ಟರ್ ಲೇಪಿಸುವವರೆಗೆ ಸ್ಪ್ರೇ ಡಬ್ಬಿ ಹತ್ತಿರ ತರಬಾರದು. ದ್ರಾವಕ ತಗುಲಿದ ಕಡೆಯೆಲ್ಲ ಕರಗಿ ಗುಂಡಿಯಾಗುತ್ತದೆ.

ಬಂಗಲೆ ನೆಲಕ್ಕೆ ತಾಗಿ ಕೂರುವುದಿಲ್ಲ. ಸಿಮೆಂಟ್ ಬ್ಲಾಕುಗಳ ಮೋಟು ಕಂಬಗಳ ಮೇಲೆ ನಿಲ್ಲುತ್ತದೆ. 8 × 8 × 16 ಇಂಚಿನ ಬ್ಲಾಕು ಇಲ್ಲಿ 4.2 × 4.2 × 8.5 ಮಿ.ಮೀ. ಮನೆಯಡಿ ಹನ್ನೆರಡು, ಜಗಲಿಯಡಿ ನಾಲ್ಕು, ಒಟ್ಟು 96 ಕಂಬ. ಏರುಬದಿಯಲ್ಲಿ ಒಂದು ಬ್ಲಾಕಿನ ಎತ್ತರ (4.2), ಇಳಿಬದಿಯಲ್ಲಿ ಮೂರರದ್ದು (12.7). 4 ಮಿ.ಮೀ. ಚೌಕದ ಮರದ ಕಡ್ಡಿಗೆ ಪ್ಲಾಸ್ಟರ್ ಸವರಿ, ಒಣಗಿದ ಮೇಲೆ 4.2ಕ್ಕೊಂದು ಗೀರು ಹಾಕಿದರೆ ಬ್ಲಾಕಿನ ಸಂದು ಮೂಡುತ್ತದೆ.

ಆರೂ ಮನೆಯನ್ನು ಮಟ್ಟಗೋಲಿಟ್ಟು ನೆಟ್ಟಗೆ ಕೂರಿಸಿದರೆ ಹೊಸ ಬಡಾವಣೆಯ ಹಾಗೆ ಕಾಣುತ್ತದೆ. ಆ ಬೆಟ್ಟಗಳಲ್ಲಿ ಚಳಿಗೆ ನೆಲ ಮೂರು ನಾಲ್ಕು ಅಡಿ ಆಳದವರೆಗೂ ಹೆಪ್ಪುಗಟ್ಟಬಹುದು. ಅಷ್ಟು ಆಳಕ್ಕೆ ಇಳಿಯದ ಕಂಬವನ್ನು ಮಣ್ಣಿನ ಮಂಜು ಮೇಲೆತ್ತುತ್ತದೆ, ವಸಂತದಲ್ಲಿ ಅದು ಬೇರೆ ಜಾಗಕ್ಕೆ ಕೂರುತ್ತದೆ. ಹಾಗಾಗಿ ಮೂರು ಬಂಗಲೆಗಳ ಒಂದು ಮೂಲೆಯನ್ನು ಅರ್ಧ ಮಿ.ಮೀ. ಇಳಿಸಿದೆ, ನಿಜದಲ್ಲಿ ಅದು ಒಂದು ಇಂಚು. ಒಂದು ಮಿ.ಮೀ. ಇಳಿಸಿದರೆ ಬೀಳುವ ಮನೆಯಾಗುತ್ತದೆ. ವಾಲಿದ ಮೂಲೆಯ ಕಂಬ ಮತ್ತು ತೊಲೆಯ ನಡುವೆ ಮರದ ಚಕ್ಕೆಯ ಸಂದುಗೂಟ ತುರುಕಿ. ಮಾಲೀಕರು ಪ್ರತಿ ವಸಂತದಲ್ಲೂ ಮಾಡುತ್ತಿದ್ದ ರಿಪೇರಿ ಅದೇ.

ನೀರಿನ ಕೊಳವೆಯೂ ಇದೇ ಕಾರಣಕ್ಕೆ ಮಣ್ಣೊಳಗಿಲ್ಲ. ಬೇಸಿಗೆಗಷ್ಟೇ ನೀರು, ಬೀಗ ಹಾಕುವ ಮುನ್ನ ಪೂರ್ತಿ ಖಾಲಿ ಮಾಡಬೇಕು, ಇಲ್ಲದಿದ್ದರೆ ಮಂಜುಗಟ್ಟಿ ಒಡೆಯುತ್ತದೆ. ಅರ್ಧ ಇಂಚಿನ ಕಬ್ಬಿಣದ ಪೈಪಿನ ಹೊರವ್ಯಾಸ 21.3 ಮಿ.ಮೀ., ಮಾದರಿಯಲ್ಲಿ 0.45 ಮಿ.ಮೀ. ತಾಮ್ರದ ತಂತಿ. ಮನೆಗಳ ಹಿಂದೆ ನೆಲದ ಮೇಲೇ ಎಳೆಯಿರಿ, ಒಂದೇ ದಿಕ್ಕಿಗೆ ಇಳಿಜಾರಿರಲಿ, ಅತ್ಯಂತ ತಗ್ಗಿನಲ್ಲಿ ಒಂದು ನಲ್ಲಿ.

ಗೋಡೆ, ಚಾವಣಿ

ಗೋಡೆ ಏಳೂವರೆ ಅಡಿ, 47.6 ಮಿ.ಮೀ. 1964ಕ್ಕೆ ಮುಂಚಿನ ಅಮೆರಿಕದ ‘ಟೂ ಬೈ ಫೋರ್’ ಮರ ಈಗಿನದಕ್ಕಿಂತ ಕೊಂಚ ದಪ್ಪ, 1⅝ × 3⅝ ಇಂಚು, ಆದ್ದರಿಂದ 0.86 × 1.92 ಮಿ.ಮೀ. ಅಂಗಡಿಯ 1 × 2 ಮಿ.ಮೀ. ಬಾಸ್‌ವುಡ್ (ಮಾದರಿಗೆ ಬಳಸುವ ಮೆತ್ತನೆ ಮರ) ಪಟ್ಟಿ ಧಾರಾಳ ಸಾಕು. ಎರಡಡಿಗೊಂದು, 12.7 ಮಿ.ಮೀ.ಗೊಂದು ನಿಲುವುಪಟ್ಟಿ. ಒಳಗೆ ಗಾರೆಯಿಲ್ಲ, ಪಟ್ಟಿಗಳು ಬೋಳಾಗಿ ಕಾಣಬೇಕು.

ಹೊರಗಿನ ಅಡ್ಡಹಲಗೆಗೆ 200 ಜಿಎಸ್‌ಎಂ ಡ್ರಾಯಿಂಗ್ ಶೀಟ್. ಅದರ ದಪ್ಪ ಸುಮಾರು 0.25 ಮಿ.ಮೀ., ನಿಜದ ಅರ್ಧ ಇಂಚಿಗೆ ಸರಿಯಾಗಿ ಹೊಂದುತ್ತದೆ. 3 ಮಿ.ಮೀ. ಅಗಲದ ಪಟ್ಟಿ, ಕೆಳಗಿನಿಂದ ಮೇಲಕ್ಕೆ, 2.1 ಮಿ.ಮೀ. ಕಾಣುವಂತೆ ಒಂದರ ಮೇಲೊಂದು, ಗೋಡೆಗೆ 23 ಸಾಲು. ಹಾಳೆಯನ್ನು ಹಾಗೇ ಕತ್ತರಿಸಿ ಫೆವಿಕಾಲ್ ಹಚ್ಚಿದರೆ ತೇವವಾದ ಬದಿ ಉಬ್ಬಿ ಪಟ್ಟಿ ಸುರುಳಿ ಸುತ್ತುತ್ತದೆ. ಕತ್ತರಿಸುವ ಮುಂಚೆಯೇ ಎರಡೂ ಬದಿಗೆ ಅರಗಿನ ಪಾಲಿಶ್ ಕುಡಿಸಿ ಒಂದು ರಾತ್ರಿ ಬಿಡಿ. ಮುಂಗಾರಿನಲ್ಲಿ ಎರಡು ರಾತ್ರಿ.

ಬಣ್ಣ ಬಿಳಿ, ಅಂಚು ಹಸಿರು. ಡಬ್ಬಿಯ ಬಿಳಿಗೆ ಕಂದು ಒಂದು ತೊಟ್ಟು ಸೇರಿಸದಿದ್ದರೆ ಆಸ್ಪತ್ರೆಯ ಗೋಡೆಯಂತೆ ಕಣ್ಣಿಗೆ ಹೊಡೆಯುತ್ತದೆ. ಮಳೆನೀರು ನೆಲದಿಂದ ಮಣ್ಣು ಚಿಮ್ಮಿಸುವುದರಿಂದ ತಳದ 6 ಮಿ.ಮೀ.ಗೆ ತೆಳು ಮಣ್ಣು ಬಣ್ಣ.

ಚಾವಣಿಯ ಇಳಿಜಾರು 12ಕ್ಕೆ 4, ಅಂದರೆ ಅಡ್ಡಕ್ಕೆ 12 ಹೋದರೆ ಮೇಲಕ್ಕೆ 4. ಅರ್ಧ ಅಗಲ 63.5, ನೆತ್ತಿಯ ಎತ್ತರ 21.2, ಪಕಾಸಿಯ ಉದ್ದ 67, ಸೂರಿಗೆ ಇನ್ನೊಂದು 6. ಡಾಂಬರು ಹಾಳೆಯ ಬದಲಿಗೆ ಮಾಸ್ಕಿಂಗ್ ಟೇಪ್, 19 ಮಿ.ಮೀ. ಅಗಲಕ್ಕೆ ಕತ್ತರಿಸಿ 1 ಮಿ.ಮೀ. ಮೇಲುಮೇಲೆ ಅಂಟಿಸಿ ಬೂದು ಬಳಿದರೆ ಮುಗಿಯಿತು. ಮರಳು ಕಾಗದ ಹಾಕುವವರಿದ್ದಾರೆ. ಈ ಅಳತೆಗೆ ಅದರ ಕಾಳು ಜಲ್ಲಿಯಾಗುತ್ತದೆ.

ಜಾಲರಿ ಜಗಲಿ

ಹೆಚ್ಚು ಹೊತ್ತು ಇಲ್ಲೇ ಕಳೆಯಬೇಕು. ಊಟ, ಇಸ್ಪೀಟು, ತರಕಾರಿ ಹೆಚ್ಚುವುದು, ಸೆಕೆಯ ರಾತ್ರಿ ಮಕ್ಕಳ ನಿದ್ದೆ ಎಲ್ಲ ನಡೆಯುತ್ತಿದ್ದದ್ದು ಈ ಜಾಲರಿಯ ಹಿಂದೆ.

24 ಅಡಿಯನ್ನು ಆರು ಅಂಕಣ ಮಾಡಿ, ಅಂಕಣಕ್ಕೆ 25.4 ಮಿ.ಮೀ. ಕಂಬ 1.9 ಚೌಕ. ಕೆಳಗಿನ 16 ಮಿ.ಮೀ. ಹಲಗೆ, ಮೇಲೆ ಜಾಲರಿ. ನಿಜವಾದ ಜಾಲರಿ ತಂತಿಯನ್ನು 48ರಿಂದ ಭಾಗಿಸಿದರೆ ಕೂದಲಿಗಿಂತಲೂ ತೆಳು, ಅದು ಆಗುಹೋಗುವ ಮಾತಲ್ಲ. ಕಣ್ಣಿಗೆ ಜಾಲರಿ ಅನ್ನಿಸಿದರೆ ಸಾಕು. ಸೊಳ್ಳೆ ಪರದೆ ಹಾಕಿದರೆ ಕೋಳಿಗೂಡಾಗುತ್ತದೆ. ಸರಿಹೊಂದಿದ್ದು ಸ್ಕ್ರೀನ್ ಪ್ರಿಂಟಿಂಗ್‌ನವರು ಬಳಸುವ ಪಾಲಿಯೆಸ್ಟರ್ ಬಟ್ಟೆ, ಸೆಂಟಿಮೀಟರಿಗೆ 43 ಎಳೆಯದ್ದು. ಅದನ್ನು ಕಸೂತಿ ರಿಂಗಿಗೆ ಬಿಗಿದು, ದೂರದಿಂದ ಮಂದ ಕಪ್ಪು ಸ್ಪ್ರೇ ಎರಡು ತೆಳು ಪದರ. ಹತ್ತಿರದಿಂದ ಹೊಡೆದರೆ ಬಟ್ಟೆಯ ತೂತುಗಳು ಮುಚ್ಚಿಕೊಳ್ಳುತ್ತವೆ.

ಅಂಟಿಸುವಾಗ ಬಟ್ಟೆ ರಿಂಗಿನಲ್ಲೇ ಇರಲಿ. ಚೌಕಟ್ಟಿಗೆ ನೀರು ಬೆರೆಸಿದ ಫೆವಿಕಾಲನ್ನು ಕಡ್ಡಿಯ ತುದಿಯಿಂದ ಸವರಿ, ಬಟ್ಟೆಯ ಎಳೆ ಕಂಬಕ್ಕೆ ಸಮಾನಾಂತರವಾಗಿರುವಂತೆ ಕೂರಿಸಿ, ಮೇಲೆ ತೂಕವಿಟ್ಟು, ಪೂರ್ತಿ ಒಣಗಿದ ಮೇಲೆ ಹೊಸ ಬ್ಲೇಡಿನಿಂದ ಕತ್ತರಿಸಿ. ಬೇಗ ಆಗಲೆಂದು ಸೂಪರ್ ಗ್ಲೂ ತಂದರೆ ಅದರ ಆವಿ ಕಪ್ಪು ಬಟ್ಟೆಯ ಮೇಲೆ ಬಿಳಿ ಹೊಗೆಯಂತೆ ಕೂರುತ್ತದೆ, ಒರೆಸಿದರೆ ಹೋಗುವುದಿಲ್ಲ. ಮುಂಬದಿ ಮತ್ತು ಪಕ್ಕದ ಜಾಲರಿ ಒಂದರ ಹಿಂದೊಂದು ಬಂದಾಗ ಫೋಟೊದಲ್ಲಿ ಅಲೆ ಅಲೆ ಗೆರೆ ಕಾಣುತ್ತದೆ. ಕ್ಯಾಮೆರಾದ ಕೋನ ತುಸು ಬದಲಿಸಿದರೆ ಆಯಿತು, ಜಾಲರಿ ಕೀಳಬೇಡಿ.

ಎರಡು ಜಗಲಿಗಳಲ್ಲಿ ಹರಿದ ಜಾಗಕ್ಕೆ ಹಾಕಿದ ತೇಪೆ ಇದೆ. 2 ಮಿ.ಮೀ. ಚೌಕದ, ಬಣ್ಣ ಹೊಡೆಯದ ಬಟ್ಟೆ. ಹೊಸ ತಂತಿ ಹಳೆಯದಕ್ಕಿಂತ ಹೊಳೆಯುತ್ತಿತ್ತು.

ಬಾಗಿಲು 17 ಮಿ.ಮೀ. ಅಗಲ, ನಡುವೆ ಒಂದು ಅಡ್ಡಪಟ್ಟಿ. ಈ ಬಾಗಿಲಿಗೆ ಎಳೆಯುವ ಸ್ಪ್ರಿಂಗ್ ಇರುತ್ತಿತ್ತು, ಬಿಟ್ಟ ತಕ್ಷಣ ಪಟ್ಟಂತ ಮುಚ್ಚಿಕೊಳ್ಳುವುದು ಅದರ ಗುಣ. ಅಲ್ಲಿ ಬಾಲ್ಯ ಕಳೆದವರ ನೆನಪುಗಳಲ್ಲಿ ಮತ್ತೆ ಮತ್ತೆ ಬರುವ ಸದ್ದು ಅದು. ಹಾಗಾಗಿ ಯಾರ ಕೈಯೂ ಹಿಡಿಯದೆ ಅರೆತೆರೆದ ಜಾಲರಿ ಬಾಗಿಲು ಸುಳ್ಳು. ಒಂದೋ ಮುಚ್ಚಿರಲಿ, ಇಲ್ಲವೇ ಹುಡುಗನೊಬ್ಬನನ್ನು ಹೊಸ್ತಿಲ ಮೇಲೆ ನಿಲ್ಲಿಸಿ.

ಒಳಗೆ 3 ಮಿ.ಮೀ. ಹಳದಿ ಎಲ್‌ಇಡಿ. 12 ವೋಲ್ಟ್‌ಗೆ 1 ಕಿಲೋಓಂ ರೆಸಿಸ್ಟರ್ ಹಾಕಿದರೆ ಮದುವೆ ಮನೆಯಾಗುತ್ತದೆ, 4.7 ಕಿಲೋಓಂ ಹಾಕಿದರೆ ಹುಳು ಬಾರದಿರಲೆಂದು ಹಾಕುತ್ತಿದ್ದ ಹಳದಿ ಬಲ್ಬಿನ ಮಂಕು ಬರುತ್ತದೆ. ಕಾಗದದ ಗೋಡೆ ಬೆಳಕು ಸೋರುತ್ತದೆ, ಒಳಗೆ ಮೊದಲು ಕಪ್ಪು, ಆಮೇಲೆ ಮರದ ಬಣ್ಣ.

ಹುಲ್ಲು, ಜನ

ಸ್ಟ್ಯಾಟಿಕ್ ಗ್ರಾಸ್ (ನೆಟ್ಟಗೆ ನಿಲ್ಲುವಂತೆ ಅಂಟಿಸುವ ಕೃತಕ ನಾರಿನ ಹುಲ್ಲು) 2 ಮಿ.ಮೀ.ದು ಬೇಡ, ನಿಜದಲ್ಲಿ ಅದು ನಾಲ್ಕು ಇಂಚು. 1 ಮಿ.ಮೀ.ದೇ ಇರಲಿ, ಜಗಲಿಯಿಂದ ಜಗಲಿಗೆ, ಜಗಲಿಯಿಂದ ಕ್ಯಾಸಿನೊಗೆ ನೇರ ಗೆರೆಯಲ್ಲಿ ಉದುರಿಹೋಗಿರಲಿ. ಮಕ್ಕಳು ಕಲ್ಲುಹಾಸಿನ ಮೇಲೆ ನಡೆಯುವುದಿಲ್ಲ. ಅಡಿರಾಂಡಾಕ್ ಎಂಬ ಹಲಗೆಪಟ್ಟಿಯ ತೋಟದ ಕುರ್ಚಿಗೆ ಐಸ್‌ಕ್ರೀಂ ಕಡ್ಡಿ ತೀರಾ ದಪ್ಪ, ಅರ್ಧ ಮಿ.ಮೀ. ವೆನೀರ್ ಬಳಸಿ. ಬಟ್ಟೆ ಒಣಗಿಸುವ ಹಗ್ಗಕ್ಕೆ ಹೊಲಿಗೆ ದಾರವನ್ನು ಮೇಣದ ಮೇಲೆ ಎಳೆದುಕೊಳ್ಳಿ, ನಾರು ಕೂರುತ್ತದೆ.

ಬುಧವಾರದ ವಿಷಯ ಈಗ. ಗಂಡಸರು ಶುಕ್ರವಾರ ಸಂಜೆ ಬಂದು ಭಾನುವಾರ ರಾತ್ರಿಯೋ ಸೋಮವಾರ ನಸುಕಿಗೋ ಪಟ್ಟಣಕ್ಕೆ ವಾಪಸಾಗುತ್ತಿದ್ದರು, ಕಾರೂ ಅವರ ಜೊತೆಗೇ. ನ್ಯೂಯಾರ್ಕ್, ಒಂಟಾರಿಯೊ ಅಂಡ್ ವೆಸ್ಟರ್ನ್ ರೈಲು 1953ರಲ್ಲೇ ಪ್ರಯಾಣಿಕರನ್ನು ಒಯ್ಯುವುದು ನಿಲ್ಲಿಸಿತ್ತು, ಆದ್ದರಿಂದ ಎಲ್ಲ ರೂಟ್ 17 ಹೆದ್ದಾರಿಯ ಮೇಲೆ. ವಾರದ ನಡುವೆ ಕಾಲೊನಿಯಲ್ಲಿ ಕಾರುಗಳ ಸಾಲು ನಿಲ್ಲಿಸಿದರೆ ಇಡೀ ಚಿತ್ರ ತಪ್ಪು. ಮಾಲೀಕನ ಪಿಕಪ್ ಒಂದು, ಬ್ರೆಡ್ಡೋ ಹಣ್ಣೋ ಮಾರಲು ಬಂದ ಗಾಡಿ ಒಂದು ಸಾಕು.

1:48ರ ಗೊಂಬೆಗಳ ಪೊಟ್ಟಣದಲ್ಲಿ ಬರುವುದು ಹೆಚ್ಚಾಗಿ ಸೂಟುಕೇಸು ಹಿಡಿದ ಗಂಡಸರು, ರೈಲ್ವೆ ಮಾದರಿಯವರಿಗೆಂದು ಮಾಡಿದ್ದು. ಇಲ್ಲಿ ಬೇಕಾದದ್ದು ಮನೆಯುಡುಪಿನ ಹೆಂಗಸರು, ಅಜ್ಜ ಅಜ್ಜಿ, ರಾಶಿ ಮಕ್ಕಳು. ಹುಲ್ಲಿನ ಮೇಲೆ 18 ಮಿ.ಮೀ. ಚೌಕದ ಮೇಜು, ಸುತ್ತ ನಾಲ್ವರ ಮಾ ಜಾಂಗ್, ಅಂದರೆ ಚೀನಾ ಮೂಲದ ಬಿಲ್ಲೆಯಾಟ. ಆಟದ ಬಿಲ್ಲೆ ಅರ್ಧ ಮಿ.ಮೀ. ಆಗಿಬಿಡುತ್ತದೆ, ಅದಕ್ಕೆ ಬಿಲ್ಲೆ ಬೇಡ, ನಾಲ್ಕು ಸ್ಟ್ಯಾಂಡುಗಳ ಗೆರೆ ಸಾಕು. ಈ ಆಟದ ಅಮೆರಿಕದ ಸಂಘ ನ್ಯಾಷನಲ್ ಮಾ ಜಾಂಗ್ ಲೀಗ್ 1937ರಲ್ಲಿ ಹುಟ್ಟಿದ್ದು, ಹಾಗಾಗಿ ಕಾಲಕ್ಕೆ ತೊಂದರೆಯಿಲ್ಲ. ಮಳೆ ನಿಂತ ನೆಲದಲ್ಲಿ ಕಾಡಿನಂಚಿನಿಂದ ಹೊರಬರುವ ಕೆಂಪು ನ್ಯೂಟ್ (ಹಲ್ಲಿಯಂತೆ ಕಾಣುವ ಉಭಯಚರ) ಮರಿಗಳನ್ನು ಮಕ್ಕಳು ಡಬ್ಬಿಯಲ್ಲಿ ಹಿಡಿಯುತ್ತಿದ್ದರು. ಅದು ಇಲ್ಲಿ 1 ಮಿ.ಮೀ. ಕಿತ್ತಳೆ ಚುಕ್ಕೆ. ಕ್ಯಾಸಿನೊ ಹಿಂದಿನ ಮೇಪಲ್ ಬುಡದಲ್ಲಿ ಮೂರು ಇಟ್ಟಿದೆ.

ಬಾಕಿ ಇರುವುದು

ರಸ್ತೆ ಬದಿಯ ಹ್ಯಾಂಡ್‌ಬಾಲ್ ಗೋಡೆ (ಚೆಂಡನ್ನು ಕೈಯಿಂದ ಹೊಡೆದು ಆಡುವ ಗೋಡೆ): 20 ಅಡಿ ಅಗಲ, 16 ಅಡಿ ಎತ್ತರ, ಮುಂದೆ 34 ಅಡಿ ಅಂಕಣ, ಅಂದರೆ 127 × 102, ನೆಲ 216 ಮಿ.ಮೀ. ಉಳಿದಿರುವ ಜಾಗಕ್ಕೆ ಹಿಡಿಯುತ್ತದೆ, ಪಾರ್ಕಿಂಗ್ ಬದಿಗೊತ್ತಬೇಕು. ಫೋನ್ ಬೂತಿನ ಪಕ್ಕದ ಕಂಬಕ್ಕೆ ಧ್ವನಿವರ್ಧಕದ ಕಹಳೆ. ಇಡೀ ಕಾಲೊನಿಗೆ ಒಂದೇ ಫೋನು, ಕರೆ ಬಂದವರ ಹೆಸರನ್ನು ಅದರಲ್ಲೇ ಕೂಗುತ್ತಿದ್ದರು. ಪಿಕಪ್‌ಗೆ 1:48 ಸುಲಭಕ್ಕೆ ಸಿಗುವುದಿಲ್ಲ, ಸಿಗುವುದು 1:43, ಶೇ. 12ರಷ್ಟು ದೊಡ್ಡದು. ಹಲಗೆಯ ಮುಂದಿನ ಅಂಚಿನಲ್ಲಿ, ಬಂಗಲೆಗಳಿಂದ ದೂರ ನಿಲ್ಲಿಸಿದರೆ ಕಣ್ಣು ಒಪ್ಪುತ್ತದೆ. ಜಗಲಿಯ ಪಕ್ಕ ನಿಲ್ಲಿಸಿದರೆ ಬಾಗಿಲೇ ಚಿಕ್ಕದಾಗಿ ಕಾಣುತ್ತದೆ.