ಸಂಜೆಯಾದರೂ ತುಂಬಿಯೇ ಇದ್ದ ಬಾಟಲಿಗಳು

ಅಕ್ಟೋಬರ್ 15 ವಿಶ್ವ ಕೈ ತೊಳೆಯುವ ದಿನ. ನಮ್ಮಲ್ಲಿ ಅದು ಹೆಚ್ಚಾಗಿ ದಸರಾ ರಜೆಯೊಳಗೇ ಬಂದು ಹೋಗುತ್ತದೆ. ಹಾಗಾಗಿ 2024ರಲ್ಲಿ ನಾನು ಮಾಗಡಿ ರಸ್ತೆಯ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹೋದದ್ದು ದೀಪಾವಳಿ ಕಳೆದ ಮೇಲೆ, ನವೆಂಬರ್‌ನ ಒಂದು ಶುಕ್ರವಾರ. ಆಸ್ಪತ್ರೆಯ ಪ್ರಯೋಗಾಲಯದಲ್ಲಿ 31 ವರ್ಷ ದುಡಿದು ನಿವೃತ್ತಳಾದವಳು ನಾನು. ಕಣ್ಣಿಗೆ ಕಾಣದ ಜೀವಿಗಳ ಬಗ್ಗೆ ಮಕ್ಕಳಿಗೆ ಹೇಳಿಕೊಡುವುದು ನನ್ನ ಬಹುದಿನದ ಆಸೆ. ಚೀಲದಲ್ಲಿ ಎರಡು ಸೋಪು, ಒಂದು ಶೀಶೆ ಕೊಬ್ಬರಿ ಎಣ್ಣೆ, ಒಂದು ಪೊಟ್ಟಣ ಅರಿಶಿನ ಇಟ್ಟುಕೊಂಡಿದ್ದೆ.

ಎಣ್ಣೆ, ಅರಿಶಿನ ಕಲಸಿ ನಾಲ್ಕು ಮಕ್ಕಳ ಅಂಗೈಗೆ ಹಚ್ಚಿದೆ. ಇಬ್ಬರು ಬರೀ ನೀರಿನಲ್ಲಿ, ಇಬ್ಬರು ಸೋಪಿನಲ್ಲಿ ತೊಳೆಯಬೇಕು. ನೀರಿನಲ್ಲಿ ತೊಳೆದವರ ಕೈ ಹಳದಿಯಾಗಿಯೇ ಉಳಿಯಿತು. ಸೋಪಿನ ಅಣುವಿಗೆ ಎರಡು ತುದಿಗಳಿವೆ, ಒಂದು ಎಣ್ಣೆಯನ್ನು ಹಿಡಿಯುತ್ತದೆ, ಇನ್ನೊಂದು ನೀರನ್ನು ಹಿಡಿಯುತ್ತದೆ, ಎರಡರ ನಡುವೆ ಸಿಕ್ಕಿದ ಕೊಳೆ ಎದ್ದು ಹೋಗುತ್ತದೆ ಎಂದು ವಿವರಿಸಿದೆ. ಕೊರೊನಾದಂಥ ವೈರಸ್‌ಗಳ ಸುತ್ತಲಿನ ಕೊಬ್ಬಿನ ಪದರವನ್ನೂ ಸೋಪು ಹೀಗೆಯೇ ಒಡೆಯುತ್ತದೆ ಎಂದಾಗ ಹಿಂದಿನ ಸಾಲಿನವರೂ ಎದ್ದು ನಿಂತು ನೋಡಿದರು. ಆಮೇಲೆ ನಾನು ಕೈ ತೊಳೆಯುವ ಕ್ರಮ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಇಡೀ ತರಗತಿ ತಾನೇ ಶುರು ಮಾಡಿತು. ಅಂಗೈ, ಮುಂಗೈ, ಬೆರಳ ಸಂದು, ಉಗುರು, ಹೆಬ್ಬೆರಳು, ಮಣಿಕಟ್ಟು. ಒಂದೂ ತಪ್ಪಲಿಲ್ಲ. ನಾನು ಕಲಿಸಲು ಬಂದದ್ದೆಲ್ಲ ಅವರಿಗೆ ಆಗಲೇ ಗೊತ್ತಿತ್ತು.

ಬಿಸಿಯೂಟದ ಗಂಟೆ ಬಾರಿಸಿತು. ತಟ್ಟೆ ಹಿಡಿದ ಮಕ್ಕಳ ಹಿಂದೆ ನಾನೂ ನಲ್ಲಿಗಳ ಹತ್ತಿರ ಹೋದೆ. ಗೋಡೆಗೆ ಆರು ನಲ್ಲಿಗಳಿದ್ದವು. ನಾಲ್ಕಕ್ಕೆ ತಿರುಪೇ ಇರಲಿಲ್ಲ. ಎರಡರಲ್ಲಿ ನೀರು ಬರುತ್ತಿತ್ತು, ಸೋಪು ಎಲ್ಲಿಯೂ ಇರಲಿಲ್ಲ. ಮಕ್ಕಳು ಬೆರಳ ತುದಿ ಒದ್ದೆ ಮಾಡಿಕೊಂಡು ಸಾಲು ಬಿಟ್ಟು ಓಡುತ್ತಿದ್ದರು. ನನಗೆ ಮೊದಲು ಸಿಟ್ಟು ಬಂತು. ಗೊತ್ತಿದ್ದೂ ಹೀಗೆ ಮಾಡುತ್ತಾರಲ್ಲ ಎಂದು. ಆಮೇಲೆ ಅಲ್ಲೇ ನಿಂತು ಲೆಕ್ಕ ಹಾಕಿದೆ. 20 ಸೆಕೆಂಡು ಉಜ್ಜಬೇಕು, ನೆನೆಸಿ ತೊಳೆಯುವುದೂ ಸೇರಿ ಮಗುವಿಗೆ 40 ಸೆಕೆಂಡು ಬೇಕು. ಮಕ್ಕಳು 180, ನಲ್ಲಿ ಎರಡು. ಪೂರ್ತಿ ಒಂದು ಗಂಟೆಯಾಗುತ್ತದೆ. ಊಟದ ಬಿಡುವು ಇರುವುದು 40 ನಿಮಿಷ. ಹೇಳಿಕೊಟ್ಟಂತೆ ಕೈ ತೊಳೆಯಲು ಹೋದ ಮಗು ಅನ್ನವನ್ನು ಬಿಡಬೇಕಾಗುತ್ತದೆ.

ಮಧ್ಯಾಹ್ನ ಏಳನೆಯ ತರಗತಿಯಲ್ಲಿ ಕುಳಿತಿದ್ದೆ. ಮೂರೂವರೆ ಆಗಿತ್ತು. ಹುಡುಗಿಯರ ಕಡೆಯ ಬೆಂಚುಗಳ ಮೇಲೆ ನೀರಿನ ಬಾಟಲಿಗಳು ಸಾಲಾಗಿ ನಿಂತಿದ್ದವು. ಎಲ್ಲವೂ ಕುತ್ತಿಗೆಯವರೆಗೆ ತುಂಬಿದ್ದವು. ಹುಡುಗರ ಬಾಟಲಿಗಳು ಖಾಲಿಯಾಗಿ ಬೆಂಚಿನ ಕೆಳಗೆ ಉರುಳಾಡುತ್ತಿದ್ದವು. ಈಗಷ್ಟೇ ತುಂಬಿಸಿಕೊಂಡಿರಾ ಎಂದು ಹತ್ತಿರದ ಹುಡುಗಿಯನ್ನು ಕೇಳಿದೆ.

"ಇಲ್ಲ ಮಿಸ್, ಬೆಳಿಗ್ಗೆ ಅಮ್ಮ ತುಂಬಿಸಿದ್ದು."

"ಬಾಯಾರಿಕೆ ಆಗುವುದಿಲ್ಲವೇ?"

ಅವಳು ಪಕ್ಕದವಳ ಮುಖ ನೋಡಿದಳು. ಉತ್ತರ ಪಕ್ಕದವಳಿಂದ ಬಂತು. "ಕುಡಿದರೆ ಹೋಗಬೇಕಾಗುತ್ತದೆ ಮಿಸ್."

ಆ ಮಾತು ನನ್ನನ್ನು ನೇರವಾಗಿ ನನ್ನ ಹಳೆಯ ಮೇಜಿನ ಮುಂದೆ ನಿಲ್ಲಿಸಿತು. ಮೂತ್ರದ ಮಾದರಿಗಳನ್ನು ರಾತ್ರಿಯಿಡೀ 37 ಡಿಗ್ರಿ ಶಾಖದಲ್ಲಿಟ್ಟು ಬೆಳಿಗ್ಗೆ ತೆಗೆದರೆ ತಟ್ಟೆಯ ಮೇಲೆ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಗುಲಾಬಿ ಬಣ್ಣದ ಚುಕ್ಕೆಗಳಾಗಿ ಬೆಳೆದಿರುತ್ತಿತ್ತು. ಚೀಟಿಯ ಮೇಲೆ ವಯಸ್ಸು 12, 13, 14. ನೀರು ಕಡಿಮೆ ಕುಡಿಯುವುದು, ಗಂಟೆಗಟ್ಟಲೆ ತಡೆದುಕೊಳ್ಳುವುದು ಈ ಮೂತ್ರದ ಸೋಂಕಿಗೆ ದಾರಿ ಮಾಡಿಕೊಡುತ್ತದೆ. ವೈದ್ಯರು ಔಷಧಿಯ ಜೊತೆಗೆ "ಚೆನ್ನಾಗಿ ನೀರು ಕುಡಿಯಿರಿ" ಎಂದು ಬರೆದು ಕಳಿಸುತ್ತಿದ್ದರು. ಅಷ್ಟು ವರ್ಷಗಳಲ್ಲಿ ಈ ಮಕ್ಕಳು ಏಕೆ ಕುಡಿಯುವುದಿಲ್ಲ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಆ ಇಬ್ಬರೇ ನನ್ನನ್ನು ಶೌಚಾಲಯಕ್ಕೆ ಕರೆದುಕೊಂಡು ಹೋದರು. ಹುಡುಗಿಯರ ಕಡೆ ಎರಡು ಕೋಣೆಗಳಿದ್ದವು. ಒಂದಕ್ಕೆ ಬೀಗ ಹಾಕಿತ್ತು. ಇನ್ನೊಂದರ ಚಿಲಕ ಕಿತ್ತುಹೋಗಿ ಮೊಳೆಯ ತೂತು ಮಾತ್ರ ಉಳಿದಿತ್ತು. ಒಬ್ಬಳು ಒಳಗಿದ್ದರೆ ಇನ್ನೊಬ್ಬಳು ಹೊರಗಿನಿಂದ ಬಾಗಿಲು ಎಳೆದು ಹಿಡಿಯಬೇಕು. ನೀರನ್ನು ಅಂಗಳದ ತೊಟ್ಟಿಯಿಂದ ಹೊತ್ತು ತರಬೇಕು. ತಿಂಗಳ ಮುಟ್ಟಿನ ದಿನಗಳಲ್ಲಿ ಏನು ಮಾಡುತ್ತೀರಿ ಎಂದು ಕೇಳಿದೆ. "ಬರುವುದಿಲ್ಲ" ಎಂದಳು ದೊಡ್ಡವಳು, ಅದೊಂದು ರಜಾ ದಿನದ ಹೆಸರೆಂಬಂತೆ. ಬಾಲಕ, ಬಾಲಕಿಯರಿಗೆ ಪ್ರತ್ಯೇಕ ಶೌಚಾಲಯ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಶಾಲೆಯ ದಾಖಲೆಯ ಆ ಕಾಲಮ್ಮಿನಲ್ಲಿ "ಇದೆ" ಎಂದು ಬರೆದಿತ್ತು. ಸುಳ್ಳಲ್ಲ. ಕಟ್ಟಡ ಇತ್ತು.

ಮುಖ್ಯ ಶಿಕ್ಷಕಿಯನ್ನು ದೂರುವುದು ನನ್ನಿಂದಾಗದು. ರಾತ್ರಿ ಹೊರಗಿನವರು ಕಾಂಪೌಂಡ್ ಹಾರಿ ಬರುತ್ತಾರೆ, ನಲ್ಲಿಯ ತಿರುಪು ಬಿಚ್ಚಿಕೊಂಡು ಹೋಗುತ್ತಾರೆ, ಅದಕ್ಕೇ ಬೀಗ ಎಂದರು. ತೊಳೆಯುವವರನ್ನು ಇಡಲು ಹಣವಿಲ್ಲ. ಎರಡು ಬಾರಿ ಅವರೇ ಗೇಟು ಮುಚ್ಚಿದ ಮೇಲೆ ಪೊರಕೆ ಹಿಡಿದು ತೊಳೆದಿದ್ದರಂತೆ. ಹೇಳುವಾಗ ಅವರ ದನಿ ನಡುಗಿತು. ಮುಂದಿನ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಕರೆದರು, ನನಗೂ ಬರಲು ಹೇಳಿದರು.

ನಲ್ಲಿ, ಚಿಲಕದ ಮಾತು ಹತ್ತೇ ನಿಮಿಷದಲ್ಲಿ ಮುಗಿಯಿತು. ಪ್ಲಂಬರ್ ಕೆಲಸದ ತಂದೆಯೊಬ್ಬರು ಸಾಮಾನು ತಂದುಕೊಟ್ಟರೆ ಕೂಲಿ ಬೇಡ ಎಂದರು. ತೊಳೆಯುವವರು ಯಾರು ಎಂಬಲ್ಲಿಗೆ ಬಂದಾಗ ಎಲ್ಲರೂ ನೆಲ ನೋಡಿದರು. ಹಿರಿಯರೊಬ್ಬರು, "ಮಕ್ಕಳೇ ಸರದಿಯಲ್ಲಿ ಮಾಡಲಿ ಬಿಡಿ, ಶ್ರಮದಾನ ಕಲಿತಂತಾಗುತ್ತದೆ" ಎಂದರು. ಮೂಲೆಯಲ್ಲಿ ಒಬ್ಬ ತಾಯಿ ಕುಳಿತಿದ್ದರು. ಪೌರಕಾರ್ಮಿಕರ ಸಮವಸ್ತ್ರದಲ್ಲೇ ಬಂದಿದ್ದರು, ಕೆಲಸದಿಂದ ನೇರವಾಗಿ. ಅವರು ಎದ್ದು ನಿಂತರು.

"ಸರದಿ ಎನ್ನುತ್ತೀರಿ ಮೇಡಂ. ಒಂದು ವಾರ ಸರದಿ ನಡೆಯುತ್ತದೆ. ಆಮೇಲೆ ಅದು ಯಾರ ಮಕ್ಕಳ ಪಾಲಿಗೆ ಬರುತ್ತದೆ ಎಂದು ನನಗೆ ಗೊತ್ತು, ನಿಮಗೂ ಗೊತ್ತು. ನನ್ನ ಮಗಳು ಇಲ್ಲಿಗೆ ಬರುವುದು ಓದುವುದಕ್ಕೆ."

ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ಮಲ್ಲೇಶ್ವರದಲ್ಲಿ. 1898ರ ಪ್ಲೇಗಿನ ಭಯದಲ್ಲಿ ಗಾಳಿ ಬೆಳಕಿಗೆಂದು ಅಗಲವಾದ ಬೀದಿಗಳನ್ನಿಟ್ಟು ಕಟ್ಟಿದ ಬಡಾವಣೆ ಅದು. ಆದರೆ ಮನೆಗಳ ಹಿಂದೆ ಕಿರಿದಾದ ಕನ್ಸರ್ವೆನ್ಸಿ ಓಣಿಗಳನ್ನೂ ಇಟ್ಟಿದ್ದರು, ಮಲ ಹೊರುವವರು ಬಂದು ಹೋಗಲು. ನಮ್ಮ ಹಿತ್ತಿಲ ಬಾಗಿಲಿಗೆ ಬರುತ್ತಿದ್ದ ಹೆಂಗಸಿನ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಓಣಿಗಳು ಇಂದಿಗೂ ಇವೆ. ಆ ತಾಯಿ ಮಾತಾಡುವಾಗ ನನಗೆ ಕಂಡದ್ದು ಆ ಓಣಿ. ಪ್ಲೇಗಿನ ಊರಾಗಲಿ, ಈ ಶಾಲೆಯಾಗಲಿ, ಸ್ವಚ್ಛತೆಯ ಯೋಜನೆ ಹಾಕುವಾಗ ಅದನ್ನು ಯಾರ ಕೈಯಲ್ಲಿ ಮಾಡಿಸಬೇಕು ಎಂಬುದನ್ನು ನಾವು ಬಾಯಿ ಬಿಟ್ಟು ಹೇಳದೆಯೇ ತೀರ್ಮಾನಿಸಿಬಿಟ್ಟಿರುತ್ತೇವೆ.

ಮಕ್ಕಳಿಂದ ಶೌಚಾಲಯ ತೊಳೆಸಬಾರದೆಂದು ಇಲಾಖೆಯ ಆದೇಶವೇ ಇದೆ ಎಂದು ಮುಖ್ಯ ಶಿಕ್ಷಕಿ ನೆನಪಿಸಿದರು. ಸಲಹೆ ಕೊಟ್ಟವರು ಮತ್ತೆ ಮಾತಾಡಲಿಲ್ಲ. ದಿನಕ್ಕೆ ಎರಡು ಹೊತ್ತು ಬಂದು ತೊಳೆಯುವ ಒಬ್ಬರಿಗೆ ಸಂಬಳ, ಕೈಗವಸು, ಬೂಟು, ಬ್ರಷ್ಷು ಕೊಡುವುದೆಂದಾಯಿತು. ನಾವು ಐದಾರು ನಿವೃತ್ತರು ತಿಂಗಳಿಗೆ ಇಷ್ಟೆಂದು ಹಾಕುತ್ತಿದ್ದೇವೆ. ಇದು ಸರಿಯಾದ ವ್ಯವಸ್ಥೆಯಲ್ಲ. ಅಡುಗೆಯವರಿಗೆ ಸರ್ಕಾರ ಗೌರವಧನ ಕೊಡುವ ಹಾಗೆ ತೊಳೆಯುವವರಿಗೂ ಕೊಡಬೇಕು, ಅದು ದಾನಿಗಳ ದಯೆಯ ಮೇಲೆ ನಿಲ್ಲಬಾರದು. ಇದನ್ನೇ ಬರೆದು ಅರ್ಜಿ ಕೊಟ್ಟಿದ್ದೇವೆ.

ಡಿಸೆಂಬರ್ ಹೊತ್ತಿಗೆ ಆರೂ ನಲ್ಲಿಗಳು ಸಿದ್ಧವಾದವು. ಸೋಪಿನ ಪುಡಿಯನ್ನು ನೀರಿಗೆ ಕಲಸಿ, ಹಳೆಯ ಬಾಟಲಿಗಳ ಮುಚ್ಚಳಕ್ಕೆ ತೂತು ಕೊರೆದು ನಲ್ಲಿಯ ಪಕ್ಕ ಕಟ್ಟಿದ್ದೇವೆ. ಇಡಿ ಸೋಪಿನಷ್ಟು ಬೇಗ ಮುಗಿಯುವುದಿಲ್ಲ. ಎರಡೂ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿದೆ, ಎಟುಕುವ ಎತ್ತರದಲ್ಲಿ. ಬೀಗದ ಕೈ ಬೆಳಿಗ್ಗೆ ಅಡುಗೆಯವರ ಹತ್ತಿರ, ಸಂಜೆ ಮುಖ್ಯ ಶಿಕ್ಷಕಿಯ ಹತ್ತಿರ. ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ ಇಟ್ಟಿದೆ. ಅದನ್ನು ಕಾಗದದಲ್ಲಿ ಸುತ್ತಿ ಬೇರೆಯಾಗಿ ಕಸದ ಗಾಡಿಗೆ ಕೊಡುವುದು ಇನ್ನೂ ಸರಿಯಾಗಿ ನಡೆಯುತ್ತಿಲ್ಲ.

ಜನವರಿಯಲ್ಲಿ ಮತ್ತೆ ಏಳನೆಯ ತರಗತಿಗೆ ಹೋದೆ. ಅದೇ ಹುಡುಗಿ ನನ್ನನ್ನು ಕಂಡ ಕೂಡಲೇ ಬಾಟಲಿ ತಲೆಕೆಳಗು ಮಾಡಿ ತೋರಿಸಿದಳು. ಒಂದು ಹನಿಯೂ ಬೀಳಲಿಲ್ಲ.

"ಹನ್ನೆರಡಕ್ಕೇ ಮುಗಿದುಹೋಗುತ್ತದೆ ಮಿಸ್. ತುಂಬಿಸಿಕೊಳ್ಳೋಣ ಎಂದರೆ ಫಿಲ್ಟರ್ ಕೆಟ್ಟಿದೆ."

ವರಾಂಡದ ಕೊನೆಯಲ್ಲಿ ಆ ಫಿಲ್ಟರ್ ಇತ್ತು, ಧೂಳು ಹಿಡಿದು. ಪ್ಲಂಬರ್ ತಂದೆಗೆ ಅಲ್ಲಿಂದಲೇ ಫೋನ್ ಮಾಡಿದೆ.